ಮಾಸು

ಕಸ ಬಿತ್ತಾ, ಎಂದು ನರ್ಸು ಒಳಗಿನಿಂದ ಕೂಗಿದಳು.
ಬಿತ್ತು, ಅಂದಳು ಮುನಿವೆಂಕಟಮ್ಮ.
ಬೆಳಗಿನ ನಾಲ್ಕೂವರೆ. ಕೋಟೆಯ ಮಗ್ಗುಲ ಹೆರಿಗೆ ಆಸ್ಪತ್ರೆ.
ಹಿಂಬಾಗಿಲ ಮೆಟ್ಟಿಲ ಮೇಲೆ ನಾನು, ಮಡಿಲಲ್ಲಿ
ಐಸು ತುಂಬಿದ ಅಗಲ ಬಾಯಿಯ ಫ್ಲಾಸ್ಕು.

ಎಲ್ಲರೂ ಮಗುವಿನ ಮುಖ ನೋಡುವ ಹೊತ್ತಿಗೆ
ನಾವಿಬ್ಬರೇ ಆ ಇನ್ನೊಂದನ್ನು ನೋಡುತ್ತಿದ್ದವರು:
ಊಟದ ತಟ್ಟೆಯಗಲ, ಇನ್ನೂ ಬಿಸಿ ಆರದ, ನೇರಳೆ ಬಣ್ಣದ
ಒಂಬತ್ತು ತಿಂಗಳ ಅಡುಗೆಮನೆ.
ಹೂಳುವವನು ಬರುವ ಮುಂಚೆ
ಎರಡನ್ನು ನನಗೆಂದು ತೆಗೆದಿಡುತ್ತಿದ್ದಳು
ಖಾಯಂ ಗಿರಾಕಿಗೆ ಹೂವು ಎತ್ತಿಟ್ಟ ಹಾಗೆ.

ಮೊದಲ ಬಸ್ಸಿನ ಕಂಡಕ್ಟರು ಮೂಸಿದ. ಮೀನಾ?
ಹೂಂ ಅಂದೆ. ಲಗೇಜಿಗೂ ಚೀಟಿ ಹರಿದ.

ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು ನಾನು.
ಎಳೆ ಕಡಿದರೆ ಗಂಟು ಹಾಕಬಲ್ಲೆ, ಬೇರೆ ವಿದ್ಯೆ ಇಲ್ಲ
ಎಂದಿದ್ದೆ ಮೊದಲ ದಿನ.
ಕ್ವಾಡ್ರಸ್ ಸರ್ ಕನ್ನಡಕ ತೆಗೆದು
ಅಂಗಿಯ ಚುಂಗಿನಲ್ಲಿ ಒರೆಸಿ
ಸಾಕಲ್ಲ, ಅಂದರು,
ತಣ್ಣನೆ ಕೋಣೆಯ ಬೀಗದಕೈ ಮೇಜಿನ ಮೇಲಿಟ್ಟರು.

ಅಲ್ಲಿ ಗಾಜಿನ ಕೊಳವೆ ತೊಟ್ಟಿಕ್ಕುತ್ತಿತ್ತು
ಹನಿ, ಮತ್ತೆ ಹನಿ, ಇಪ್ಪತ್ತು ನಿಮಿಷಕ್ಕೊಂದು ನಳಿಕೆ.
ಎರಡು ಸ್ವೆಟರು, ಮೇಲೆ ಅವರ ಹೆಂಡತಿಯ ಶಾಲು.
ಕರೆಂಟು ಹೋದ ರಾತ್ರಿ ಯಶವಂತಪುರದಿಂದ
ಐಸಿನ ದಿಮ್ಮಿಯನ್ನು ಸೈಕಲ್ಲಿಗೆ ಬಿಗಿದು ತಂದವರು ಅವರು,
ಐವತ್ತೆಂಟರ ವಯಸ್ಸಲ್ಲಿ,
ಬೆನ್ನಿಂದ ಮೊಣಕಾಲಿನ ತನಕ ಒದ್ದೆ.

ಈ ಹುಡುಗಿಗೆ ಮೂರನೇ ವರ್ಷವೂ ಹಣ ಯಾಕೆ,
ತೋರಿಸಲು ಏನಿದೆ, ಎಂದು ಕೇಳಿತಂತೆ ಕಮಿಟಿ.
ಏನೂ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ, ಎಂದರಂತೆ.
ಇದನ್ನು ನನಗೆ ಹೇಳಿದ್ದು ಅವರಲ್ಲ,
ಟೈಪಿಸ್ಟು ವನಮಾಲಾ.

ಪಾರಿವಾಳಗಳು ಶಿವಾಜಿನಗರದ ಮಾರ್ಕೆಟ್ಟಿನವು.
ಹಾಲು ಬರಿಸುವ ರಸ ಚುಚ್ಚಿದರೆ
ಗಂಡಾದರೂ ಸರಿ, ಕೊರಳಿನ ಚೀಲ ದಪ್ಪಗಾಗಿ
ಒಳಗೆ ಬೆಳ್ಳಗೆ ಮೊಸರಿನಂಥದು ಕಟ್ಟುತ್ತದೆ.
ಪಾರಿವಾಳದ ಕುಲದಲ್ಲಿ ಅಪ್ಪನೂ ಮರಿಗೆ ಹಾಲೂಡುತ್ತಾನೆ:
ಒಂದು ಸಂಜೆ ಹೇಳಿಕೊಟ್ಟರು ಸರ್,
ಅರ್ಧ ಬನ್ನನ್ನು ನನ್ನ ಕಡೆ ತಳ್ಳುತ್ತಾ.

ಮೂವತ್ತೇಳನೇ ನಳಿಕೆ.
ನಾಲ್ಕು ದಿನ ಚುಚ್ಚಿ, ಬಿಡಿಸಿ, ದೀಪಕ್ಕೆ ಹಿಡಿದೆ.
ಎಡಗಡೆ ಪೊರೆ ತೆಳ್ಳಗೆ, ಹಿಂದಿನ ಅಕ್ಷರ ಕಾಣುವಷ್ಟು.
ಬಲಗಡೆ, ಚುಚ್ಚಿದ ಕಡೆ, ಹಾಲು.

ಮತ್ತೆ ಮಾಡು, ಅಂದರು.
ಮಾಡಿದೆ. ಹಾಲು.
ತಲೆಯ ಗ್ರಂಥಿಯದು ರಕ್ತದಲ್ಲಿ ಬಂದು ಬೆರೆತಿರಬಹುದು,
ಚೆನ್ನಾಗಿ ತೊಳೆ. ಮತ್ತೆ ಮಾಡು.
ಹನ್ನೊಂದು ಸಲ.
ಹನ್ನೊಂದನೆಯದಕ್ಕೆ ಏನೂ ಅನ್ನದೆ
ಕಾರಿಡಾರಿಗೆ ಹೋಗಿ ನಿಂತರು.
ಬೆನ್ನು ಮಾತ್ರ ಕಾಣುತ್ತಿತ್ತು.

ತಾಯಿಗೂ ಬೇಡ ಮಗುವಿಗೂ ಬೇಡವೆಂದು
ಬುಟ್ಟಿಗೆ ಬಿದ್ದದ್ದು
ಇಷ್ಟು ದಿನ ಮಾತಾಡುತ್ತಲೇ ಇತ್ತು,
ಎದೆಗೆ ಹೇಳಿ ಕಳಿಸುತ್ತಿತ್ತು:
ಬರುವವರಿದ್ದಾರೆ, ಅಣಿಯಾಗು.

ಕರಡಿನಲ್ಲಿ ಇಬ್ಬರ ಹೆಸರೂ ಟೈಪಾಗಿತ್ತು.
ತಮ್ಮದನ್ನು ಪೆನ್ಸಿಲಿನಲ್ಲಿ ಹೊಡೆದಿದ್ದರು.
ಜಗಳವಾಡಿದೆ, ಅತ್ತೆ, ರಬ್ಬರು ಹುಡುಕಿದೆ.
ಹೆರಿಗೆ ಆಯಿತಲ್ಲ ಮಾರಾಯ್ತಿ, ಎಂದು ನಕ್ಕರು.

ಮುನಿವೆಂಕಟಮ್ಮನ ಹೆಸರನ್ನು ಯಾರೂ ಹೊಡೆಯಲಿಲ್ಲ.
ಬರೆದೇ ಇರಲಿಲ್ಲ.
ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ,
ಆಸ್ಪತ್ರೆಯ ಸಿಬ್ಬಂದಿಗೆ ಕೃತಜ್ಞತೆ ಅಂತ ಒಂದು ಸಾಲು.
ಅಚ್ಚಾದ ಪ್ರತಿ ಒಯ್ದೆ. ಸೆರಗಿಗೆ ಕೈ ಒರೆಸಿ ಮುಟ್ಟಿದಳು.
ನಂದೆಲ್ಲೈತಮ್ಮ?
ಸಿಬ್ಬಂದಿಯ ಮೇಲೆ ಬೆರಳಿಟ್ಟೆ.
ಉಗುರಿನಿಂದ ಅಳೆದಳು, ಈ ತುದಿಯಿಂದ ಆ ತುದಿ.
ಇಷ್ಟೇನಾ ನನ್ನೆಸ್ರು, ಇಂಗ್ಲೀಸ್ನಲ್ಲಿ?

ಬಣ್ಣ ಮಾಸುತ್ತದೆ. ಗಾಯವೂ ಮಾಸುತ್ತದಂತೆ.

ಈಗ ನನ್ನ ಮೇಜಿನ ಈಚೆಗೆ ನಾನು,
ಆಚೆಗೆ ಹರಪನಹಳ್ಳಿಯ ಹುಡುಗಿ, ಕೈಯಲ್ಲಿ ಹೊಸ ಫ್ಲಾಸ್ಕು.
ಬೀಗದಕೈ ಅವಳ ಕಡೆ ಸರಿಸಿದೆ.
ಆಸ್ಪತ್ರೆಗೆ ಹೋದವಳು ಮೊದಲು ಆಯಾಳ ಹೆಸರು ಕೇಳು,
ಇನಿಷಿಯಲ್ ಸಮೇತ ಬರೆದುಕೋ.
ಐಸು ಆಮೇಲೆ ತುಂಬಿಸಿದರಾಯಿತು.